ಹಸಿದ ಕೋಶದ ವಾದ

ಒಂದು ದಿನವೂ ಮಾತ್ರೆ ತಪ್ಪಿಸದ ಕ್ಷಯರೋಗಿಯ ತೂಕ ಇಳಿಯುತ್ತಿದೆ ಎಂದರೆ ನಮ್ಮ ಕೆಲಸದಲ್ಲಿ ಮೊದಲ ಅನುಮಾನ ತೂಕದ ಯಂತ್ರದ ಮೇಲೆ. ನಾನೇ ಹತ್ತಿ ನೋಡಿದೆ, ಸರಿಯಾಗಿತ್ತು. ಮಕ್ತಲ್‌ನ ಆ ಮನೆಯ ಪಡಸಾಲೆಯಲ್ಲಿ ನನ್ನ ಹೈಸ್ಕೂಲಿನ ವಿಜ್ಞಾನದ ಮಾಸ್ತರರು ಇನ್ನೊಮ್ಮೆ ಯಂತ್ರ ಹತ್ತಿದರು. ಮುಳ್ಳು ಹೋದ ತಿಂಗಳ ಗೆರೆಗಿಂತ ಎಡಕ್ಕೇ ನಿಂತಿತು.

"ಏನವಾ, ಮಷೀನ್ ಸುಳ್ಳು ಹೇಳ್ತೈತೇನು?" ಎಂದರು. ಗೆದ್ದವರ ಹಾಗೆ ನಗುತ್ತಿದ್ದರು.

ತೆಲಂಗಾಣ ರಾಜ್ಯ ಬಂದು ಕೆಲವು ವರ್ಷಗಳಾಗಿದ್ದವು. ನಾರಾಯಣಪೇಟೆ ಆಗಷ್ಟೇ ಜಿಲ್ಲೆಯಾಗಿತ್ತು, ನಮ್ಮ ಕಚೇರಿಯ ಹೊಸ ಫಲಕದ ಬಣ್ಣ ಇನ್ನೂ ವಾಸನೆ ಹೊಡೆಯುತ್ತಿತ್ತು. ಮಕ್ತಲ್, ನಾರ್ವ, ಮಾಗನೂರಿನ ಕ್ಷಯರೋಗಿಗಳ ಮೇಲ್ವಿಚಾರಣೆ ನನ್ನ ಪಾಲಿಗೆ ಬಂದಿತ್ತು. ಕಫದ ಮಾದರಿ ಕಳಿಸುವುದು, ತೂಕ ನೋಡಿ ದಿನಕ್ಕೆಷ್ಟು ಮಾತ್ರೆ ಎಂದು ಹೊಂದಿಸುವುದು, ತಪ್ಪಿಸಿದವರನ್ನು ಹುಡುಕಿಕೊಂಡು ಹೋಗುವುದು. ಮಾತ್ರೆಯ ಹಾಳೆಯ ಹಿಂದೆ ಒಂದು ನಂಬರ್ ಅಡಗಿರುತ್ತದೆ. ಮಾತ್ರೆ ಒಡೆದು ತೆಗೆದರೆ ಮಾತ್ರ ಕಾಣುತ್ತದೆ. ರೋಗಿ ಆ ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ನನ್ನ ಫೋನಿನ ಪರದೆಯಲ್ಲಿ ಆ ದಿನದ ಚೌಕ ಹಸಿರಾಗುತ್ತದೆ. ಮಾಸ್ತರರ ಸಾಲು ಉದ್ದಕ್ಕೂ ಹಸಿರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ನೀರಿನೊಡನೆ ಮಾತ್ರೆ ನುಂಗಿ, ಫೋನ್ ಮಾಡಿಯೇ ಅವರು ಪೇಪರ್ ಹಿಡಿಯುತ್ತಿದ್ದುದು.

ಅಡುಗೆಮನೆಯಿಂದ ಅವರ ಹೆಂಡತಿಯ ದನಿ ಬಂತು. "ಉಂಡ್ರ ತೂಕ ಬರ್ತೈತಿ. ಹಗಲೆಲ್ಲ ಬರೇ ನೀರು. ಸಂಜಿಮುಂದ ಒಂದು ಹಿಡಿ ಏನರೆ ತಿಂದಂಗ ಮಾಡ್ತಾರ. ಕೇಳವಾ ನಿನ್ನ ಗುರುಗಳನ್ನ, ನನ್ನ ಮಾತಿಗಂತೂ ಕಿಮ್ಮತ್ತಿಲ್ಲ."

"ಸೋಮವಾರದ ಉಪವಾಸಾ ಸರ್?"

"ಆಕಿ ಸೋಮವಾರ ಮಾಡ್ತಾಳ, ದೇವರಿಗಾಗಿ. ನಾ ಏಳೂ ವಾರ ಮಾಡ್ತೀನಿ, ವಿಜ್ಞಾನಕ್ಕಾಗಿ."

ಮೂಲೆಯಲ್ಲಿದ್ದ ಸೀಮೆಸುಣ್ಣ ತೆಗೆದುಕೊಂಡು ಅವರು ಪಡಸಾಲೆಯ ಕಲ್ಲಿನ ಮೇಲೆ ಕೂತರು. ಎಂಟನೆಯ ಇಯತ್ತೆಯಲ್ಲಿ ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದ ಅದೇ ದುಂಡು ಕೋಶವನ್ನು ಬರೆದರು. ಇದು ಪುಪ್ಪುಸದ ಕಾವಲು ಕೋಶ, ಒಳಗೆ ಬಂದ ಕ್ರಿಮಿಯನ್ನು ನುಂಗುವುದು ಇದರ ಕೆಲಸ. ಕ್ಷಯದ ಕ್ರಿಮಿ ನುಂಗಿಸಿಕೊಳ್ಳುತ್ತದೆ, ಆದರೆ ಸಾಯುವುದಿಲ್ಲ. ಕೋಶದಲ್ಲಿ ಆಮ್ಲದ ಚೀಲವೊಂದಿದೆ. ಕ್ರಿಮಿ ಕೂತ ಚೀಲ ಹೋಗಿ ಅದಕ್ಕೆ ಕೂಡಿದರೆ ಕ್ರಿಮಿಯ ಕತೆ ಮುಗಿಯಿತು. ಹಾಗೆ ಕೂಡದಂತೆ ಅದು ಬಾಗಿಲಿಗೆ ಅಡ್ಡ ಕೂರುತ್ತದೆ. ಕಾವಲುಗಾರನ ಮನೆಯಲ್ಲೇ ಬಿಡಾರ.

"ಈಗ ಕೋಶಕ್ಕ ಹಸಿವಾತು ಅಂತ ತಿಳಿ," ಎಂದು ಇನ್ನೊಂದು ಚೀಲ ಬರೆದರು. "ಹೊರಗಿಂದ ಏನೂ ಬರವಲ್ದು. ಆಗ ಕೋಶ ತನ್ನೊಳಗಿನ ಹಳೇ ಕಸಾ, ಮುರುಕಾ ತುಕಡಿ ಎಲ್ಲಾ ಒಂದು ಚೀಲದಾಗ ಕಟ್ಟಿ ಆಮ್ಲಕ್ಕ ಒಯ್ದು ಕರಗಸ್ತೈತಿ. ತನ್ನ ಕಸಾ ತಾನೇ ತಿಂತೈತಿ. ಸ್ವಭಕ್ಷಣೆ. ಆ ಕಸದ ಜೋಡಿ ಈ ಕ್ರಿಮಿನೂ ಹೋಗ್ತೈತಿ. ಹೌದಿಲ್ಲೋ?"

ಅವರು ಇದನ್ನು ಫೋನಿನಲ್ಲಿ ಯಾವುದೋ ತೆಲುಗು ಭಾಷಣದಲ್ಲಿ ಕೇಳಿದ್ದರು. ಆ ಭಾಷಣಕಾರ ಮಾರುತ್ತಿದ್ದುದು ಬೇರೇನೋ. ಆದರೆ ಮಾಸ್ತರರು ಅಷ್ಟಕ್ಕೇ ಬಿಟ್ಟಿರಲಿಲ್ಲ, ರಾಯಚೂರಿನಿಂದ ಪುಸ್ತಕ ತರಿಸಿ ಓದಿದ್ದರು.

"ಅದೆಲ್ಲ ಸುಳ್ಳು ಸರ್," ಎಂದೆ.

"ಯಾವುದು ಸುಳ್ಳು? ಒಂದೊಂದೇ ಹೇಳು."

ನನ್ನನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡಿದವರೇ ಅವರು. ಕನ್ನಡ ಮಾಧ್ಯಮದ ನಮ್ಮ ಶಾಲೆಯಿಂದ ರಾಯಚೂರಿಗೆ ಕರೆದೊಯ್ದು ಬಹುಮಾನದ ಢಾಲು ಗೆಲ್ಲಿಸಿದವರು. ಎದುರಾಳಿಯ ಮಾತನ್ನು ಒಟ್ಟಿಗೇ ಸುಳ್ಳೆನ್ನಬೇಡ, ಎಲ್ಲಿ ಬಿರುಕಿದೆ ತೋರಿಸು ಎನ್ನುತ್ತಿದ್ದರು. ನಾನು ಚಿತ್ರ ನೋಡಿದೆ. ಬಿರುಕು ಕಾಣಲಿಲ್ಲ.

ಮರುದಿನ ನಾರ್ವದಲ್ಲಿ ಕಫದ ಡಬ್ಬಿಗಳಿಗಾಗಿ ಕಾಯುತ್ತ ಉಪಕೇಂದ್ರದ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಈ ಸ್ವಭಕ್ಷಣೆಯ ಬಗ್ಗೆ ಓದಿದೆ. ಓದಿದಷ್ಟೂ ಸಿಟ್ಟು ಬಂತು, ಯಾಕೆಂದರೆ ಅವರು ಹೇಳಿದ್ದು ನಿಜವಾಗಿತ್ತು. ಪ್ರಯೋಗಾಲಯದ ತಟ್ಟೆಯಲ್ಲಿ ಕಾವಲು ಕೋಶಗಳಿಗೆ ಆಹಾರ ತಪ್ಪಿಸಿದರೆ ಅವು ತಮ್ಮನ್ನು ಸ್ವಚ್ಛ ಮಾಡಿಕೊಳ್ಳಲು ತೊಡಗುತ್ತವೆ, ಒಳಗಡಗಿದ ಕ್ರಿಮಿಗಳೂ ಆಮ್ಲದ ಪಾಲಾಗುತ್ತವೆ. ಅಷ್ಟೇ ಅಲ್ಲ, ಹಾಗೆ ಕರಗಿದ ಕ್ರಿಮಿಯ ಚೂರುಗಳನ್ನು ಕೋಶ ತನ್ನ ಮೈಮೇಲೆ ತಂದು ಉಳಿದ ರಕ್ಷಕ ಕೋಶಗಳಿಗೆ ತೋರಿಸುತ್ತದೆ. ಪೂರ್ತಿ ಸುಳ್ಳನ್ನು ಒಂದೇಟಿಗೆ ಹೊಡೆದು ಹಾಕಬಹುದು. ಮುಕ್ಕಾಲು ನಿಜವನ್ನು ಎಲ್ಲಿ ಹಿಡಿಯುವುದು?

ಬಿರುಕು ಸಿಕ್ಕಿದ್ದು ಇನ್ನೊಂದು ಕಡೆ. ಈ ಸ್ವಚ್ಛತೆಗೆ ಹಸಿವೊಂದೇ ಅಪ್ಪಣೆ ಕೊಡುವುದಿಲ್ಲ. ರಕ್ತದ ಬಿಳಿ ಕಣಗಳಲ್ಲಿ ಒಂದು ಬಗೆಯವು ಬಂದು ಕಾವಲು ಕೋಶಕ್ಕೆ ಸಂಕೇತ ಕೊಡುತ್ತವೆ: ಏಳು, ಒಳಗೆ ಕಳ್ಳನಿದ್ದಾನೆ. ಸೊರಗಿದ ದೇಹದಲ್ಲಿ ಕಡಿಮೆಯಾಗುವುದೇ ಆ ಸಂಕೇತ ಕೊಡುವ ಕಣಗಳು. ತಟ್ಟೆಯಲ್ಲಿ ಹಸಿದದ್ದು ಕೋಶ, ಕೆಲವು ಗಂಟೆ. ಇಲ್ಲಿ ಹಸಿದದ್ದು ಇಡೀ ಮನುಷ್ಯ, ವಾರಗಟ್ಟಲೆ.

ಮುಂದಿನ ಭೇಟಿಯಲ್ಲಿ ಇದನ್ನು ಮಂಡಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

"ಭೇಷ್. ಎಷ್ಟು ಹಸಿವಿಗೆ ಎಷ್ಟು ಕಡಿಮಿ ಆಗ್ತಾವ? ನನ್ನಂಥ ವಯಸ್ಸಿನವಗ, ಔಷಧ ತಗೊಳ್ಳಾಕತ್ತಾಗ? ಅಂಕಿ ಕೊಡು."

"ನಿಮ್ಮಂಥವರನ್ನೇ ಹಿಡಿದು ಉಪವಾಸ ಕೆಡವಿ ಅಳತೆ ಮಾಡಿದವರು ನನಗೆ ಸಿಕ್ಕಿಲ್ಲ ಸರ್. ಆದರೆ ಉಣ್ಣಾಕ ಇಲ್ಲದವರಿಗೇ ಈ ರೋಗ ಹೆಚ್ಚು ಹಿಡಿತೈತಿ. ಮಾಗನೂರಿಂದ ದುಡಿಯಾಕ ಪುಣೆ, ಮುಂಬೈಗೆ ಹೋಗಿ ಬರೋರನ್ನ ನೋಡ್ರಿ."

"ಅದು ಬಡತನ. ಒಂದೇ ಖೋಲ್ಯಾಗ ಹತ್ತು ಮಂದಿ ಮಲಗ್ತಾರ, ಧೂಳು ಕುಡೀತಾರ. ಎರಡು ಸಂಗತಿ ಜೋಡಿ ಬಂದ್ರ ಒಂದು ಇನ್ನೊಂದಕ್ಕ ಕಾರಣ ಅಲ್ಲ ಅಂತ ನಿನಗ ಯಾರು ಕಲಿಸಿದ್ರು?"

"ನೀವು."

"ಮತ್ತ?"

ಒಳಗಿನಿಂದ ಹೆಂಡತಿ ಹೇಳಿದರು, "ಇಬ್ಬರೂ ವಾದಾ ತಿಂದು ಹೊಟ್ಟಿ ತುಂಬಸ್ಕೊಳ್ರಿ. ರೊಟ್ಟಿ ನಾ ಆಕಳಿಗೆ ಹಾಕ್ತೀನಿ."

ಕೊನೆಗೆ ನಾನೊಂದು ಸೂಚನೆ ಇಟ್ಟೆ. ತೂಕವೇ ನಿರ್ಣಾಯಕ. ಎರಡು ವಾರ ಬಿಟ್ಟು ಬರುತ್ತೇನೆ. ಸೋತವರು ಗೆದ್ದವರ ಮಾತು ಕೇಳಬೇಕು. ಅವರು ತಡಮಾಡದೆ ಒಪ್ಪಿದರು. ಆಗಲೇ ಎಚ್ಚರವಾಗಬೇಕಿತ್ತು.

ಎರಡು ವಾರದ ಮೇಲೆ ತೂಕ ಇಳಿದಿತ್ತು. ನಲವತ್ತು ಕಿಲೋದ ಕೆಳಗೆ ಹೋಗಿದ್ದರಿಂದ ದಿನದ ಮೂರು ಮಾತ್ರೆಯನ್ನು ನಿಯಮದ ಪ್ರಕಾರ ಎರಡಕ್ಕೆ ಇಳಿಸಬೇಕಾಯಿತು. "ನೋಡಿದ್ರಾ ಸರ್?" ಎಂದೆ.

"ನೋಡಿದೆ. ಕಸ ಹೊಂಟೈತಿ," ಎಂದರು. "ಔಷಧನೂ ಕಮ್ಮಿ ಸಾಕಾತು ನೋಡು."

ಇಳಿದರೆ ಯಾರ ಗೆಲುವು ಎಂದು ನಾವು ಮೊದಲು ಗೊತ್ತುಮಾಡಿಕೊಂಡಿರಲಿಲ್ಲ.

ನಾರಾಯಣಪೇಟೆಯ ಕಚೇರಿಯಲ್ಲಿ ಹೇಳಿದೆ. ಅಲ್ಲಿಯವರು ಪರದೆ ನೋಡಿ, ಇಷ್ಟು ಹಸಿರಿರುವ ರೋಗಿಯ ಬಗ್ಗೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀ ಎಂದರು. ಅವರ ತಪ್ಪಲ್ಲ. ನುಂಗಿದ ಮಾತ್ರೆಗೆ ಚೌಕವಿದೆ, ನುಂಗದ ಅನ್ನಕ್ಕೆ ಇಲ್ಲ.

ಆಮೇಲೊಂದು ದಿನ ಅವರ ಹೆಂಡತಿಯ ಫೋನ್ ಬಂತು. "ಕಣ್ಣು ಅರಿಷಿಣ ಆಗ್ಯಾವ. ವಾಂತಿ ನಿಂದರವಲ್ದು. ನೀರೂ ಹೋಗವಲ್ದು." ಕ್ಷಯದ ಮೊದಲ ಹಂತದ ಔಷಧಗಳಲ್ಲಿ ಮೂರು ಯಕೃತ್ತಿಗೆ ಭಾರ. ಸೊರಗಿದ ದೇಹಕ್ಕೆ ಆ ಭಾರ ಹೆಚ್ಚು. ಮಾತ್ರೆ ಕೂಡಲೇ ನಿಲ್ಲಿಸಲು ಹೇಳಿ ಆಂಬುಲೆನ್ಸ್‌ಗೆ ಫೋನ್ ಮಾಡಿದೆ. ಅಂದು ಖಾಲಿ ಹಾಸಿಗೆ ಸಿಕ್ಕಿದ್ದು ಗದ್ವಾಲದಲ್ಲಿ. ಜೂರಾಲ ಅಣೆಕಟ್ಟಿನ ಮೇಲೆ ಗಾಡಿ ಹೋಗುವಾಗ ಅವರು ಕಿಟಕಿಯಿಂದ ಕೃಷ್ಣೆಯನ್ನು ನೋಡಿದರು. ಬಾಯಿ ಒಣಗಿತ್ತು. ಆದರೂ ಹೇಳಿದರು, "ಇದು ಔಷಧದಿಂದಾದದ್ದು. ಉಪವಾಸದಿಂದಲ್ಲ. ಬರಕೋ."

"ಎರಡೂ ಕೂಡಿ ಆದದ್ದು ಸರ್."

"ಪುರಾವೆ?"

ನನ್ನ ಹತ್ತಿರ ಪುರಾವೆ ಇರಲಿಲ್ಲ. ಇದ್ದದ್ದು ಅವರ ಹಳದಿ ಕಣ್ಣು.

ಗದ್ವಾಲ ಬೇರೆ ಜಿಲ್ಲೆ. ಅವರ ಹೆಸರು ನನ್ನ ಪರದೆಯಿಂದ ಅಲ್ಲಿಯ ಪರದೆಗೆ ಹೋಗಬೇಕು, ಅಲ್ಲಿಯವರು ಒಪ್ಪಬೇಕು. ಒಪ್ಪುವವರೆಗೆ ಮಾಸ್ತರರು ಯಾರ ರೋಗಿಯೂ ಅಲ್ಲ. ನಾನು ಬಿಡುವಾದಾಗೆಲ್ಲ ನದಿ ದಾಟಿ ಹೋಗುತ್ತಿದ್ದೆ. ಡಾಕ್ಟರು ವಿಧಾನ ವಿವರಿಸಿದರು. ಯಕೃತ್ತಿಗೆ ಹೊರೆಯಾಗದ ಬೇರೆ ಔಷಧ ಈಗ. ರಕ್ತದ ವರದಿಯ ಅಂಕಿ ಇಳಿದ ಮೇಲೆ ಹಳೆಯ ಔಷಧಗಳಲ್ಲಿ ಒಂದನ್ನು ಕೊಟ್ಟು ಕೆಲವು ದಿನ ಕಾಯುವುದು, ಮತ್ತೆ ರಕ್ತ, ಆಮೇಲೆ ಎರಡನೆಯದು. ಆದರೆ ಅಂಕಿ ಇಳಿಯುತ್ತಿರಲಿಲ್ಲ. ವಾಂತಿ ನಿಂತರೂ ಮಾಸ್ತರರು ಗಂಜಿಯ ತಟ್ಟೆಯನ್ನು ದೂರ ಸರಿಸುತ್ತಿದ್ದರು.

"ಮುಂದು ತಿನಮನಂಡಿ," ಎಂದರು ಡಾಕ್ಟರು. ಮೊದಲು ತಿನ್ನಲಿ, ಮಿಕ್ಕದ್ದು ನಾನು ನೋಡುತ್ತೇನೆ. "ಸೆಲೈನ್ ಊಟ ಅಲ್ಲ ಅಂತ ನಿಮ್ಮ ಸಾರ್‌ಗೆ ಕನ್ನಡದಲ್ಲಿ ಹೇಳಿ."

ಕನ್ನಡದಲ್ಲಿ ಹೇಳಿದೆ. ತೆಲುಗಿನಲ್ಲಿ ಹೇಳಿದೆ. ಬೈದೆ. ಮಾಸ್ತರರು ಮೆಲ್ಲಗೆ, "ಕೂಗಿದ್ರ ವಾದ ಬಲೀತೈತೇನವಾ?" ಎಂದರು.

ಪಕ್ಕದ ಹಾಸಿಗೆಯಲ್ಲಿ ಮಾಗನೂರು ಕಡೆಯ ಕುರಿ ಕಾಯುವವನೊಬ್ಬನಿದ್ದ, ಅವನಿಗೂ ಕ್ಷಯ. ನನ್ನದೇ ಪಟ್ಟಿಯವನು. ಕೆಮ್ಮಿನಲ್ಲಿ ರಕ್ತ ಬಂದು ಇಲ್ಲಿಗೆ ಬಂದಿದ್ದ. ಹಣೆಗೆ ಅವನ ಕುಲದೇವರು ಬೀರಪ್ಪನ ಅರಿಷಿಣದ ಭಂಡಾರ. ಕೊಟ್ಟಿದ್ದನ್ನೆಲ್ಲ ತಿನ್ನುತ್ತಿದ್ದ, ಮಾಸ್ತರರು ಸರಿಸಿದ ಗಂಜಿಯನ್ನೂ ಸೇರಿಸಿ. "ಸರ್ ಸಾಲಿ ಕಲಿಸ್ತಾರ, ನಾ ಅವರ ಪಾಲಿಂದು ಉಣ್ತೀನಿ. ಇಬ್ಬರಿಗೂ ಬರೋಬರ್," ಎಂದು ನಗುತ್ತಿದ್ದ. ಮಾಸ್ತರರು ಅವನಿಗೂ ಗಾಳಿಯಲ್ಲಿ ಬೆರಳಾಡಿಸಿ ಕೋಶದ ಚಿತ್ರ ಬರೆದು ತೋರಿಸುತ್ತಿದ್ದರು.

ವಾರ್ಡಿನ ಹೊರಗಿನ ಬೇವಿನ ಕೆಳಗೆ ಮಾಸ್ತರರ ಹೆಂಡತಿ ಕೂತಿದ್ದರು. ತಂದ ಬುತ್ತಿ ಬಿಚ್ಚಿರಲಿಲ್ಲ. ನಾನು ಪಕ್ಕ ಕೂತಾಗ ಹೇಳಿದರು.

"ರಾಜ್ಯದ ಹೋರಾಟದಾಗ ಮಕ್ತಲ್ ಬಸ್ ಸ್ಟ್ಯಾಂಡಿನ ಮುಂದ ಟೆಂಟ್ ಹಾಕಿ ಪಾಳಿ ಮ್ಯಾಲ ಉಪವಾಸ ಕುಂದ್ರತಿದ್ರಲ್ಲಾ, ನಿನಗ ನೆನಪೈತಿ?"

ಇತ್ತು. ಕನ್ನಡ ಶಾಲೆಯ ಮಾಸ್ತರ ತೆಲಂಗಾಣದ ಟೆಂಟಿನಲ್ಲಿ ಕೂತಿದ್ದನ್ನು ಕೆಲವರು ಹಾಸ್ಯ ಮಾಡಿದ್ದರು.

"ಮಂದಿ ಒಂದು ದಿನ ಕುಂತು ಸಂಜಿಗೆ ಎದ್ದು ಮನಿಗೆ ಹೋಗೋರು. ಇವರು ಏಳಲಿಲ್ಲ. ಹಿಂಗಾದ್ರ ಸಾಯ್ತಾರ ಅಂತ ನಾ ಅತ್ತೆ. ಇವರು ಏನಂದ್ರು? ಉಪವಾಸ ಕುಂತವ ತಾನಾಗೇ ಉಣಬಾರದು, ಎದುರಿನವ್ರು ಬಂದು ಮಾತು ಒಪ್ಪಿ ನಿಂಬಿ ನೀರು ಕೊಡಬೇಕು ಅಂದ್ರು. ಕಡೀಕ ತಹಸೀಲಿಂದ ಒಬ್ಬವ ಲೋಟ ಹಿಡಕೊಂಡು ಬಂದು, ನಿಮ್ಮ ಮಾತು ಖರೇ ಐತ್ರೀ ಅಂದ. ಆಗ ಎದ್ರು."

"ಈಗ ಎದುರಿನವರು ಯಾರು ಅವ್ವಾರ?"

ಅವರು ನನ್ನನ್ನೇ ನೋಡಿದರು.

ನನಗೆ ಅದು ಒಗ್ಗಲಿಲ್ಲ. ವಾದದಲ್ಲಿ ಸೋಲುವುದು ಒಂದು, ಸೋಲದೆ ಸೋತೆ ಎನ್ನುವುದು ಇನ್ನೊಂದು. ಅದೂ ಎಲ್ಲರ ಮುಂದೆ, ಕ್ಷಯದ ಕಾರ್ಯಕ್ರಮದ ಗುರುತಿನ ಚೀಟಿ ಕೊರಳಲ್ಲಿ ಹಾಕಿಕೊಂಡು, ಉಪವಾಸ ಸರಿ ಎನ್ನುವುದು. ಡಾಕ್ಟರನ್ನು ಕೇಳಿದೆ. ಅವರು ರಕ್ತದ ವರದಿ ತೋರಿಸಿದರು. ಅಂಕಿ ಮತ್ತೆ ಏರಿತ್ತು. "ವಾದ ನಿಮ್ಮಿಬ್ಬರದು. ನನಗೆ ಅವರು ತಿಂದರೆ ಸಾಕು," ಎಂದರು.

ಆಸ್ಪತ್ರೆಯ ಗೇಟಿನ ಮುಂದಿನ ಗಾಡಿಯಲ್ಲಿ ನಿಂಬೆರಸ ಮಾಡಿಸಿದೆ, ಉಪ್ಪು ಸಕ್ಕರೆ ಎರಡೂ ಹಾಕಿಸಿ. ಸ್ಟೀಲಿನ ಲೋಟದಲ್ಲಿ ಹಿಡಿದು ವಾರ್ಡಿಗೆ ಬಂದೆ. ಭೇಟಿಯ ಹೊತ್ತು, ಹಾಸಿಗೆಗಳ ಸುತ್ತ ಜನ. ಮಾಸ್ತರರ ಹಾಸಿಗೆಯ ಮುಂದೆ ನಿಂತು, ಢಾಲಿನ ಸ್ಪರ್ಧೆಯಲ್ಲಿ ಕಲಿತ ದನಿಯಲ್ಲಿ, ಹಿಂದಿನ ಸಾಲಿಗೂ ಕೇಳುವಂತೆ ಹೇಳಿದೆ: "ಸರ್, ನಿಮ್ಮ ಮಾತು ಖರೇ ಐತಿ. ಹಸಿದ ಕೋಶ ತನ್ನನ್ನ ತಾನು ಸ್ವಚ್ಛ ಮಾಡ್ಕೊಳ್ತೈತಿ. ನಾ ಸೋತೆ. ಉಪವಾಸ ಬಿಡ್ರಿ."

ಮಾಸ್ತರರು ನನ್ನನ್ನು ಹತ್ತಿರ ಕರೆದರು. ಮೆಲ್ಲಗೆ, ನನಗಷ್ಟೇ ಕೇಳುವಂತೆ ಹೇಳಿದರು. "ಹೊಸಾ ಪುರಾವೆ ಏನರೆ ಸಿಕ್ತೇನು?"

"ಇಲ್ಲ ಸರ್."

"ಮತ್ತ ಸುಳ್ಳು ಹೇಳಾಕತ್ತಿ."

"ಹೌದು ಸರ್. ಕುಡೀರಿ."

ಲೋಟ ಹಿಡಿಯುವ ಬಲವೂ ಅವರ ಕೈಗೆ ಇರಲಿಲ್ಲ. ನಾನೇ ತುಟಿಗೆ ಹಿಡಿದೆ. ಅರ್ಧ ಕುಡಿದರು. ಪಕ್ಕದ ಹಾಸಿಗೆಯಿಂದ ಚಪ್ಪಾಳೆ ಕೇಳಿತು. ಕುರಿಯವನು ಎದ್ದು ಕೂತು ಬಾಯಿ ತುಂಬ ನಗುತ್ತಿದ್ದ. "ಸರ್ ಗೆದ್ರಲ್ರೀ!"

ಸಂಜೆ ಗಂಜಿ, ಮರುದಿನ ಬೇಳೆ ಕಲಸಿದ ಅನ್ನ, ಆಮೇಲೆ ಹಾಲಿನಲ್ಲಿ ನೆನೆಸಿದ ರೊಟ್ಟಿ. ವರದಿಯ ಅಂಕಿ ಇಳಿಯತೊಡಗಿತು. ಮೊದಲ ಔಷಧ ಶುರುವಾಯಿತು; ಕಾದೆವು; ಎರಡನೆಯದು. ಕೊನೆಗೆ ಅವರನ್ನು ಮಕ್ತಲ್‌ಗೆ ಕರೆತಂದಾಗ ಅವರ ಹೆಂಡತಿ ಶೇಂಗಾದ ಉಂಡಿಯ ಡಬ್ಬಿಯನ್ನು ಅವರ ಕೈಗೇ ಸಿಗುವಂತೆ ಗೂಡಿನಲ್ಲಿಟ್ಟರು. ತೂಕದ ಮುಳ್ಳು ಬಲಕ್ಕೆ ಸರಿದ ದಿನ ಮಾಸ್ತರರು ಹೇಳಿದರು, "ಊಟದಿಂದ ಅನ್ನಬ್ಯಾಡ. ಔಷಧ ಬದಲಾದದ್ದೂ ಐತಿ. ಉಪವಾಸ ಮೊದಲೇ ಕಸಾ ತೆಗೆದದ್ದೂ ಇರಬಹುದು. ಒಬ್ಬ ರೋಗಿಯಿಂದ ಏನೂ ಸಿದ್ಧ ಆಗೂದಿಲ್ಲ."

"ಆಗೂದಿಲ್ಲ ಸರ್," ಎಂದೆ. ಇದರಲ್ಲಿ ಸುಳ್ಳಿರಲಿಲ್ಲ.

ಆ ವಾರವೇ ಮಾಗನೂರಿಗೆ ಹೋದೆ. ಕುರಿಯವನು ಮಾಸ್ತರರಿಗಿಂತ ಮೊದಲೇ ಬಿಡುಗಡೆಯಾಗಿ ಊರಿಗೆ ಬಂದಿದ್ದ. ಅವನ ಸಾಲು ಹಸಿರೇ ಇತ್ತು, ಆದ್ದರಿಂದ ಅವನನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅವನು ಹಟ್ಟಿಯ ಮುಂದೆ ಕಂಬಳಿ ಹೊದ್ದು ಕೂತಿದ್ದ. ಕೆನ್ನೆಗಳು ಒಳಗೆ ಹೋಗಿದ್ದವು. ತೂಕದ ಯಂತ್ರ ಚೀಲದಿಂದ ತೆಗೆಯುವ ಅಗತ್ಯವೇ ಇರಲಿಲ್ಲ.

"ಮೇಡಂ, ನಾನೂ ಉಪವಾಸ ಹಿಡದೀನ್ರೀ," ಎಂದ ಹೆಮ್ಮೆಯಿಂದ. "ಸರ್‌ದು ನೋಡಿದ್ನಲ್ಲಾ. ನೀವೇ ಹೇಳಿದ್ರಿ, ಖರೇ ಐತಿ ಅಂತ."

"ಅದು ಅವರು ಉಣ್ಣಲಿ ಅಂತ ಹೇಳಿದ್ದಪಾ. ನೀ ಉಣ್ಣಬೇಕು."

"ಸರ್ಕಾರದೋರು ಎಲ್ಲರ ಮುಂದ ಸುಮ್ಮ ಸುಮ್ಮನ ಹೇಳ್ತಾರೇನ್ರೀ?" ಎಂದು ನಕ್ಕ. ಕೆಮ್ಮು ಬಂತು. ಅದು ನಿಂತ ಮೇಲೆ ಹೇಳಿದ, "ಬೀರಪ್ಪನ ಮುಂದ ಭಂಡಾರ ಮುಟ್ಟಿ ಹಿಡದೀನಿ. ಕೆಮ್ಮು ಹೋಗೂತನಕ ಸಂಜಿಗೆ ಒಂದೇ ಹಿಡಿ, ಸರ್‌ನಂಗ."

ವಾದವನ್ನು ಎದುರಿಸಲು ನನಗೆ ಬರುತ್ತದೆ. ಆಣೆಯನ್ನು ಎದುರಿಸುವುದು ಯಾವ ಸ್ಪರ್ಧೆಯಲ್ಲೂ ಇರಲಿಲ್ಲ. ಆಶಾ ಕಾರ್ಯಕರ್ತೆಯನ್ನು ಕಳಿಸಿದೆ, ಉಪಕೇಂದ್ರದ ಸಿಸ್ಟರನ್ನು ಕಳಿಸಿದೆ. ಬೀರಪ್ಪನ ಪೂಜಾರಿಯ ಹತ್ತಿರವೂ ಹೋದೆ. ಅವರು ಕೈಮುಗಿದು, "ಹಿಡಿ ಅಂತ ನಾ ಹೇಳಿಲ್ಲವಾ. ಬಿಡು ಅಂತ ಹ್ಯಾಂಗ ಹೇಳ್ಲಿ?" ಎಂದರು. ಕೊನೆಗೆ ಮಾಸ್ತರರ ಪಡಸಾಲೆಗೆ ಬಂದು ಎಲ್ಲ ಹೇಳಿದೆ. ಅವರು ಉಂಡಿ ತಿನ್ನುತ್ತಿದ್ದರು. ಕೈಯಲ್ಲಿದ್ದುದನ್ನು ಡಬ್ಬಿಗೆ ವಾಪಸು ಹಾಕಿದರು.

"ಮಫ್ಲರ್ ಎಲ್ಲೈತಿ?" ಎಂದು ಹೆಂಡತಿಯನ್ನು ಕೇಳಿದರು.

ನನ್ನ ಸ್ಕೂಟಿಯ ಹಿಂದೆ ಕೂತು ಮಾಗನೂರಿನವರೆಗೂ ಬಂದರು. ಗುಂಡಿ ಬಂದಾಗೆಲ್ಲ ಅವರ ಮೂಳೆ ನನ್ನ ಬೆನ್ನಿಗೆ ತಾಗುತ್ತಿತ್ತು. ಹಟ್ಟಿಯಲ್ಲಿ ಕುರಿಯವನ ಹೆಂಡತಿಯಿಂದ ನೀರು ಪಡೆದು, ಮಾಸ್ತರರು ಜೇಬಿನಲ್ಲಿ ತಂದಿದ್ದ ನಿಂಬೆಹಣ್ಣನ್ನು ತಾವೇ ಹಿಂಡಿದರು. ಲೋಟ ನನ್ನ ಕೈಗೆ ಕೊಟ್ಟು ಅವನೆದುರು ನೆಲಕ್ಕೆ ಕೂತರು.

"ತಮ್ಮಾ, ನಾ ಗೆದ್ದಿಲ್ಲ. ಆಕಿ ನನ್ನ ಉಳಸಾಕ ಸುಳ್ಳು ಹೇಳಿದ್ಲು. ನಾ ಉಳದದ್ದು ಉಂಡು."

ಅವರ ಬಾಯಿಂದ ಈ ಮಾತು ನಾನು ಕೇಳಿದ್ದು ಅದೊಂದೇ ಸಲ. ಪುರಾವೆ ಇಲ್ಲದೆ ಒಪ್ಪಿಕೊಂಡಿದ್ದರು, ಅವರೂ.

ಕುರಿಯವನು ಅವರ ಮುಖ ನೋಡಿದ, ಮೈಗೆ ಮರಳುತ್ತಿದ್ದ ಮಾಂಸ ನೋಡಿದ. ಎರಡೂ ಕೈ ಜೋಡಿಸಿದ.

"ದೊಡ್ಡವ್ರು ನೀವು, ಹಿಂಗ ಹೇಳ್ತೀರಿ. ನೀವು ಗೆದ್ರಿ, ಗೆದ್ದ ಮ್ಯಾಲ ಉಂಡ್ರಿ. ನಾ ಇನ್ನೂ ಗೆದ್ದಿಲ್ರೀ. ಗೆದ್ದ ಮ್ಯಾಲ ಉಣ್ತೀನಿ."

ಮಾಸ್ತರರು ನನ್ನತ್ತ ತಿರುಗಿದರು. ಶಾಲೆಯಲ್ಲಿ ಎದುರು ತಂಡ ಮಾತು ಮುಗಿಸಿದಾಗ ಹೀಗೆಯೇ ತಿರುಗಿ, ಹೇಳು ಎಂದು ಗದ್ದ ಎತ್ತುತ್ತಿದ್ದರು. ಲೋಟ ನನ್ನ ಕೈಯಲ್ಲಿತ್ತು. ಅವನ ಹೆಂಡತಿ ಬಂದು ಲೋಟ ತೆಗೆದುಕೊಂಡು, ಚೆಲ್ಲುವುದು ಯಾಕೆಂದು ತಾನೇ ಕುಡಿದಳು.

ಮರುದಿನ ಬೆಳಿಗ್ಗೆ ನಾರಾಯಣಪೇಟೆಯ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದಾಗ ಫೋನ್ ಅಲುಗಿತು. ಅವನ ಮಿಸ್ಡ್ ಕಾಲ್ ಹೊತ್ತಿಗೆ ಸರಿಯಾಗಿ ಬಂದಿತ್ತು. ಪರದೆಯ ಮೇಲೆ ಆ ದಿನದ ಚೌಕ ಹಸಿರಾಯಿತು.